ಪದಚರ್ಚೆ: ಕಲರ್ ಫಿಲ್ಮುಗಳನ್ನು ಒಂದೇ ಟ್ಯಾಂಕಿನಲ್ಲಿ ಡೆವಲಪ್ ಮಾಡುವುದಕ್ಕೆ ಏನೆನ್ನೋಣ?

ಶಿವಮೊಗ್ಗದಿಂದ:
ಎಲ್ಲರಿಗೂ ನಮಸ್ಕಾರ. ಪದ ಇವತ್ತು ಸಂಜೆಯೊಳಗೆ ಬೇಕು. ನಾಳೆ ಕೆಲವು ಕಾಲೇಜು ಹುಡುಗರು ಫಿಲ್ಮ್ ಡೆವಲಪ್ ಮಾಡುವುದನ್ನು ಕಲಿಯಲು ನಮ್ಮ ಮನೆಗೆ ಬರುತ್ತಾರೆ. ಹಂಡೆಯ ಬಿಸಿನೀರು ಕೈಗೆ ಸಿಗುವ ಜಾಗವೆಂದು ಬಚ್ಚಲುಮನೆಯಲ್ಲೇ ಕೆಲಸ; ಅಲ್ಲಿನ ಗೋಡೆಗೆ ಸೂಚನೆ ಬರೆದು ಅಂಟಿಸಬೇಕು. ವಿಷಯ ಇಷ್ಟು: ಸಿ-41 ಎಂಬ ಡೆವಲಪ್ ವಿಧಾನದ ಕಲರ್ ನೆಗೆಟಿವ್ ಯಾವ ಕಂಪನಿಯದಾದರೂ, ಐಎಸ್‌ಒ (ಫಿಲ್ಮು ಬೆಳಕು ಹಿಡಿಯುವ ವೇಗ) 100 ಇರಲಿ 800 ಇರಲಿ, ಒಂದೇ ಟ್ಯಾಂಕಿಗೆ ಹಾಕಬಹುದು. ಡೆವಲಪರ್‌ನಲ್ಲಿ ಎಲ್ಲಕ್ಕೂ 38 ಡಿಗ್ರಿ, 3 ನಿಮಿಷ 15 ಸೆಕೆಂಡು. ಕಪ್ಪುಬಿಳುಪಿನಲ್ಲಿ ಒಂದೊಂದು ಫಿಲ್ಮಿಗೆ ಒಂದೊಂದು ಸಮಯ; ಆ ಅಭ್ಯಾಸದವರು ಬೆರೆಸಲು ಹೆದರುತ್ತಾರೆ. ನಾನು ಬರೆದ ಸಾಲು: "ಬೇರೆ ಬೇರೆ ಬಣ್ಣದ ಫಿಲ್ಮುಗಳನ್ನು ಒಟ್ಟಿಗೆ ತೊಳೆಯಬಹುದು." 'ತೊಳೆ' ಸರಿಯೇ?

ಸಾಗರದಿಂದ:
'ಕೂಡುತೊಳೆತ'. ಮುಗಿಯಿತು. ಮದುವೆಮನೆಯ ರೀಲನ್ನು ಸ್ಟುಡಿಯೋಕ್ಕೆ ಕೊಟ್ಟು 'ತೊಳೆಸಿಕೊಂಡು ಬಾ' ಅನ್ನುತ್ತಿದ್ದ ಜನ ನಾವು. ಸೆಳೆತ, ಎಳೆತ, ತುಳಿತ ಇರುವಾಗ ತೊಳೆತಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ತೀರ್ಥಹಳ್ಳಿಯಿಂದ:
ನಡೆಯದು. ಡೆವಲಪರ್, ಬ್ಲೀಚ್, ಫಿಕ್ಸರ್ ಆದಮೇಲೆ ನೀರಿನಲ್ಲಿ ತೊಳೆಯುವ ಹಂತ ಬೇರೆಯೇ ಇದೆ. ಒಂದೇ ಗೋಡೆಯ ಮೇಲೆ 'ತೊಳೆ' ಎರಡು ಅರ್ಥದಲ್ಲಿ ಬಂದರೆ ಹೊಸಬರು ಯಾವುದನ್ನು ಹಿಡಿಯಬೇಕು? 'ಸಹಸಂಸ್ಕರಣೆ' ಎನ್ನಿ.

ಕೊಪ್ಪದಿಂದ:
ಸಂಸ್ಕರಣೆ ಸೊಸೈಟಿ ಬೋರ್ಡಿನ ಮಾತು. ಅಂಗಳದಲ್ಲಿ ಯಾರೂ ಅಡಿಕೆಯನ್ನು ಸಂಸ್ಕರಿಸುವುದಿಲ್ಲ. ಸುಲಿಯುತ್ತಾರೆ, ಚೊಗರು ಹಾಕಿ ಬೇಯಿಸುತ್ತಾರೆ, ಒಣಗಿಸುತ್ತಾರೆ. ಒಂದೊಂದು ಕೆಲಸಕ್ಕೂ ಅದರದೇ ಹೆಸರು. ಸಂಸ್ಕರಣೆ ಬೇಕೇಬೇಕೆಂದರೆ 'ಕೂಡುಸಂಸ್ಕರಣೆ' ಅನ್ನಿ, ಬಾಯಿಗೆ ಹತ್ತಿರವಾಗುತ್ತದೆ.

ತೀರ್ಥಹಳ್ಳಿಯಿಂದ:
ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿದ ಅರಿಸಮಾಸ ಅದು. ಬೇಡ.

ಕೊಪ್ಪದಿಂದ:
ಹಾಗಾದರೆ ಮಳೆಗಾಲ ಅನ್ನುವುದನ್ನೂ ಬಿಡಿ ಮಾರಾಯ್ರೆ.

ತೀರ್ಥಹಳ್ಳಿಯಿಂದ:
'ಕಾಲ' ಸಮಸಂಸ್ಕೃತ, ಎಂದರೆ ರೂಪ ಬದಲಾಗದೆ ಕನ್ನಡಕ್ಕೆ ಬಂದ ಸಂಸ್ಕೃತ ಪದ; ಅದಕ್ಕೆ ದೋಷವಿಲ್ಲ. ಶಬ್ದಮಣಿದರ್ಪಣದ ವ್ಯಾಕರಣಕಾರ ಕೇಶಿರಾಜನನ್ನು ಓದಿ ಬನ್ನಿ. ಇನ್ನು ಸಾಗರದವರಿಗೆ: ಅಚ್ಚಗನ್ನಡವೇ ಆಗಬೇಕೆಂದಿದ್ದರೆ ಮೊದಲು 'ಬಣ್ಣ' ಕೈಬಿಡಿ, ಅದು ವರ್ಣದ ತದ್ಭವ.

ಸಾಗರದಿಂದ:
ಬಣ್ಣ ನಮ್ಮ ನಾಲಿಗೆಗೆ ಬಗ್ಗಿ ಒಳಗೆ ಬಂದ ಪದ. ಫಿಲ್ಮು, ರೀಲು, ಟ್ಯಾಂಕು ಕೂಡ ಕೊನೆಗೊಂದು ಉಕಾರ ಹಚ್ಚಿಕೊಂಡು ಬಂದವು, ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಬಗ್ಗದೆ ನಿಂತಿರುವುದು ನಿಮ್ಮ ಸಹಸಂಸ್ಕರಣೆ. ಎರವಲು ತಪ್ಪಲ್ಲ, ಯಾರೂ ಆಡದ ಎರವಲು ತಪ್ಪು. ಇದನ್ನು ಎಷ್ಟು ಸಲ ಹೇಳಬೇಕು?

ಹೊಸನಗರದಿಂದ:
ಎಲ್ಲರೂ ಕ್ರಿಯಾಪದ ಹಿಡಿದು ಜಗ್ಗುತ್ತಿದ್ದೀರಿ. ಕೆಟ್ಟಿರುವುದು ಸಾಲಿನ ಮೊದಲರ್ಧ. 'ಬೇರೆ ಬೇರೆ' ಹೋಗಿ ಬಣ್ಣಕ್ಕೆ ಅಂಟುತ್ತದೆ. ಕೆಂಪು ಫಿಲ್ಮು, ಹಸಿರು ಫಿಲ್ಮು ಎಂಬ ಅರ್ಥ ಬರುತ್ತದೆ. 'ಕಲರ್' ಎಂದು ಬದಲಿಸಿದರೂ ತೊಡಕು ಹೋಗದು.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಒಟ್ಟಿಗೆ ಹಾಕಲು ಬರುವುದು ಬಣ್ಣದ್ದು ಎಂಬ ಕಾರಣಕ್ಕಲ್ಲ. ಕೊಡಕ್ 1972ರಲ್ಲಿ ಸಿ-41 ತಂದಿತು, ಉಳಿದ ಕಂಪನಿಗಳೂ ತಮ್ಮ ನೆಗೆಟಿವ್ ಫಿಲ್ಮನ್ನು ಅದಕ್ಕೇ ಹೊಂದಿಸಿದವು. ಸಮಯ ಒಂದೇ ಆಗಿದ್ದು ಹಾಗೆ. ಸ್ಲೈಡ್ ಫಿಲ್ಮೂ ಬಣ್ಣದ್ದೇ, ಆದರೆ ಅದರದು ಇ-6 ಎಂಬ ಬೇರೆ ವಿಧಾನ. ಸಿ-41ಕ್ಕೆ ಹಾಕಿದರೆ ಸ್ಲೈಡಿನ ಬದಲು ಬಣ್ಣ ತಿರುಚಿದ ನೆಗೆಟಿವ್ ಬರುತ್ತದೆ. ಸಿನಿಮಾ ನೆಗೆಟಿವ್ ಹಲವದರ ಬೆನ್ನಿಗೆ ಕರಿಯ ಇಂಗಾಲದ ಲೇಪ ಇರುತ್ತದೆ. ಅದು ಟ್ಯಾಂಕಿನಲ್ಲಿ ಕಿತ್ತುಬಂದು ಪಕ್ಕದ ರೋಲಿಗೂ ಮೆತ್ತುತ್ತದೆ, ದ್ರಾವಣವೂ ಹಾಳು. ಇತ್ತ ಇಲ್ಫರ್ಡ್ ಎಕ್ಸ್‌ಪಿ2 ಕಪ್ಪುಬಿಳುಪು, ಆದರೂ ಸಿ-41ರದ್ದೇ, ಧಾರಾಳವಾಗಿ ಜೊತೆಗೆ ಹೋಗುತ್ತದೆ. ಮಾಮೂಲಿ ಕಪ್ಪುಬಿಳುಪು ಹಾಕಿದಿರೋ, ಬ್ಲೀಚು ಫಿಕ್ಸರು ಸೇರಿ ಬೆಳ್ಳಿಯನ್ನೆಲ್ಲ ತೆಗೆದುಹಾಕಿ ಖಾಲಿ ಪಟ್ಟಿ ಉಳಿಯುತ್ತದೆ. ಹುಡುಗರ ಕಷ್ಟದ ಫೋಟೋಗಳು ಅವು. 'ಬಣ್ಣ' ಎಂಬ ಪದವನ್ನೇ ತೆಗೆದುಹಾಕಿ.

ಸಾಗರದಿಂದ:
ಇದು ಪದಚರ್ಚೆ, ಕೆಮಿಸ್ಟ್ರಿ ಕ್ಲಾಸಲ್ಲ.

ಹೊಸನಗರದಿಂದ:
ವಸ್ತು ಗೊತ್ತಿಲ್ಲದೆ ಪದ ಕಟ್ಟುವುದಾದರೆ ನನ್ನನ್ನು ಬಿಡಿ.

ಶಿವಮೊಗ್ಗದಿಂದ:
ಎಲ್ಲರಿಗೂ ಋಣಿ. ಹೊಸನಗರದವರ ಮಾತು ಹಿಡಿದು ಬರೆದಿದ್ದೇನೆ:

"ಸಿ-41 ಎಂದು ಬರೆದ ರೋಲುಗಳನ್ನೆಲ್ಲ ಒಂದೇ ಟ್ಯಾಂಕಿನಲ್ಲಿ ಡೆವಲಪ್ ಮಾಡಬಹುದು. ಇ-6, ಸಿನಿಮಾ ಫಿಲ್ಮು, ಮಾಮೂಲಿ ಕಪ್ಪುಬಿಳುಪು ಇದಕ್ಕೆ ಬೇಡ."

'ತೊಳೆ'ಯನ್ನು ನೀರಿನ ಹಂತಕ್ಕೆ ಉಳಿಸಿಕೊಂಡೆ. ಇನ್ನೊಂದು ಬಾಕಿಯಿದೆ. 400ರ ಫಿಲ್ಮನ್ನು ಕ್ಯಾಮೆರಾದಲ್ಲಿ 1600 ಎಂದಿಟ್ಟು ಫೋಟೋ ತೆಗೆದಿದ್ದರೆ ಅದಕ್ಕೆ ಡೆವಲಪರ್‌ನಲ್ಲಿ ಹೆಚ್ಚು ಸಮಯ ಬೇಕು. ಸಿ-41 ಆದರೂ ಮಿಕ್ಕವುಗಳ ಜೊತೆ ಹಾಕುವಂತಿಲ್ಲ. ಈ 'ಪುಶ್'ಗೆ ಏನು ಬರೆಯಲಿ?

ಸಾಗರದಿಂದ:
ನೂಕು.

ತೀರ್ಥಹಳ್ಳಿಯಿಂದ:
'ನೂಕಿದ ರೋಲು' ಯಾರಿಗೂ ತಿಳಿಯದು. 'ಹೆಚ್ಚು ಹೊತ್ತಿನ ರೋಲು, ಬೇರೆ ಟ್ಯಾಂಕು' ಎಂದು ಬರೆಯಿರಿ.