ಯುವಿ ಬೆಳಕಿನಲ್ಲಿಟ್ಟ ಲ್ಯೂಸಿನ್: ಪೋಲಾರಿಮೀಟರ್ ಓದು ಯಾಕೆ ಜಾಸ್ತಿ ಆಯಿತು?

ಜಯನಗರದ ಹವ್ಯಾಸಿ: ನಮಸ್ಕಾರ. ವಿಕಿರಣ ಅಮೈನೋ ಆಮ್ಲದ ಎಡಗೈ-ಬಲಗೈ ಗುಣ (ಕನ್ನಡಿ ಪ್ರತಿಬಿಂಬದಂತಿರುವ ಅಣುವಿನ ಎರಡು ರೂಪ) ಬದಲಿಸುವುದನ್ನು ಮನೆಯಲ್ಲೇ ನೋಡುವಾಸೆ. ಎಲ್-ಲ್ಯೂಸಿನ್ (ಎಡಗೈ ರೂಪದ ಅಮೈನೋ ಆಮ್ಲ) ಪುಡಿಯನ್ನು ನೀರಲ್ಲಿ 2% ಕರಗಿಸಿ, ಗಾಜಿನ ಟೆಸ್ಟ್ ಟ್ಯೂಬಿಗೆ ಹಾಕಿದೆ. ಎಸ್.ಪಿ. ರೋಡಿನಲ್ಲಿ ಕೊಂಡ 254 ನ್ಯಾನೋಮೀಟರ್ ಯುವಿ ದೀಪದ ಮುಂದೆ ರಾತ್ರಿಯಿಡೀ ಇಟ್ಟೆ. ನಡುವೆ, ಬೆಳಕು ಒಂದೇ ಕಡೆಗೆ ಸುತ್ತುವಂತೆ ಮಾಡಲು, 3ಡಿ ಸಿನಿಮಾ ಕನ್ನಡಕದ ಫಿಲ್ಮ್. ಬೆಳಿಗ್ಗೆ ಪೋಲಾರಿಮೀಟರಿನಲ್ಲಿ (ದ್ರಾವಣ ಬೆಳಕಿನ ಕಂಪನದ ದಿಕ್ಕನ್ನು ಎಷ್ಟು ತಿರುಗಿಸುತ್ತದೆಂದು ಅಳೆಯುವ ಸಾಧನ) ಮೈನಸ್ ಓದು ಇನ್ನೂ ಜಾಸ್ತಿ ಆಗಿತ್ತು. ಕೈ ಬದಲಾಯಿತಾ?

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು: ಟ್ಯೂಬಿಗೆ ಬಿರಡೆ ಹಾಕಿದ್ದಿರಾ?

ಜಯನಗರದ ಹವ್ಯಾಸಿ: ಇಲ್ಲ ಸರ್. ನೀರಿನ ಮಟ್ಟವೂ ಇಳಿದಿದೆ.

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು: ಹಾಗಾದರೆ ಅದೇ ಕಾರಣ. ದೀಪದ ಬಿಸಿಗೆ ನೀರು ಆರಿ ದ್ರಾವಣ ಗಾಢವಾಗಿದೆ. ನೀರಲ್ಲಿ ಬಲಗೈ ಲ್ಯೂಸಿನ್ ಓದು ಪ್ಲಸ್. ಎಡಗೈ ಅಣುಗಳು ಬಲಗೈ ಆಗಿದ್ದರೆ ಓದು ಸೊನ್ನೆ ಕಡೆಗೆ ಬರಬೇಕಿತ್ತು, ಅಲ್ವಾ?

ಆ ಬೆಳಕು ಲ್ಯೂಸಿನ್ ತನಕ ಹೋಗಿಯೇ ಇಲ್ಲ. 254 ಅನ್ನು ಸಾಮಾನ್ಯ ಗಾಜು ತಡೆಯುತ್ತದೆ, ಕ್ವಾರ್ಟ್ಜ್ ಬೇಕು. 3ಡಿ ಫಿಲ್ಮ್ ಕಣ್ಣಿಗೆ ಕಾಣುವ ಬೆಳಕಿಗೆ ಮಾಡಿದ್ದು. ಹೋಗಿದ್ದರೂ ಲ್ಯೂಸಿನ್ ಆ ಬೆಳಕನ್ನು ಹೀರುವುದು ತೀರಾ ಕಮ್ಮಿ.

ಪ್ರಯೋಗದ ಶುರುವನ್ನೂ ಬದಲಿಸಿ. ಬರೀ ಎಲ್ ಇಟ್ಟರೆ, ಓದು ಇಳಿದಾಗ ಅಣು ಒಡೆಯಿತೋ ಕೈ ಬದಲಾಯಿತೋ ಹೇಳಲಾಗದು. 1977ರಲ್ಲಿ ಫ್ಲೋರೆಸ್, ಬಾನರ್, ಮ್ಯಾಸಿ ಎಂಬ ವಿಜ್ಞಾನಿಗಳು ಎರಡೂ ಕೈ ಸಮವಿದ್ದ ಲ್ಯೂಸಿನ್ ತೆಗೆದುಕೊಂಡಿದ್ದರು. 212.8 ನ್ಯಾನೋಮೀಟರ್‌ನ ವೃತ್ತ ಧ್ರುವೀಕೃತ (ಒಂದೇ ಕಡೆಗೆ ಸುತ್ತುವ) ಬೆಳಕು ಒಂದು ಕೈಯನ್ನು ಸ್ವಲ್ಪ ಜಾಸ್ತಿ ಒಡೆಯಿತು. ಗಮನಿಸಿ, ತಿರುಗಿಸಲಿಲ್ಲ, ಒಡೆಯಿತು. ಅರ್ಧಕ್ಕಿಂತ ಜಾಸ್ತಿ ಹಾಳಾದ ಮೇಲೂ ಎರಡು ಕೈಗಳ ನಡುವೆ ಸಿಕ್ಕ ವ್ಯತ್ಯಾಸ 2ರಿಂದ 2.5% ಅಷ್ಟೇ. ನಿಮ್ಮ ದ್ರಾವಣಕ್ಕೆ 10 ಸೆಂ.ಮೀ. ಟ್ಯೂಬಿನಲ್ಲಿ ಪೂರ್ತಿ ಓದೇ ಸುಮಾರು 0.2 ಡಿಗ್ರಿ. ಅದರ 2% ಮನೆಯ ಪೋಲಾರಿಮೀಟರ್‌ಗೆ ಕಾಣದು.

ಯಶವಂತಪುರದ ಓದುಗ: ಗಾಮಾ ಕಿರಣ ಆದರೆ?

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು: ಅದಕ್ಕೆ ಎಡ-ಬಲದ ಭೇದ ಇಲ್ಲ. ಅಣುಗಳನ್ನು ಒಡೆಯುತ್ತದೆ, ಜೊತೆಗೆ ಎರಡು ಕೈಗಳ ಬೆರಕೆಯನ್ನೂ ಮಾಡುತ್ತದೆ. ನಡುವಿನ ಇಂಗಾಲದ ಹೈಡ್ರೋಜನ್ ಕಿತ್ತುಹೋದರೆ, ಮತ್ತೆ ಯಾವ ಕಡೆಯಿಂದಾದರೂ ಬಂದು ಸೇರಬಹುದು. ಐಸೊವ್ಯಾಲಿನ್ ಎಂಬ ಇನ್ನೊಂದು ಅಮೈನೋ ಆಮ್ಲದಲ್ಲಿ ಆ ಜಾಗದಲ್ಲಿ ಹೈಡ್ರೋಜನ್ನೇ ಇಲ್ಲ, ಅದರ ಕೈ ಸುಲಭಕ್ಕೆ ಬದಲಾಗದು. 1969ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿದ್ದ ಮರ್ಚಿಸನ್ ಉಲ್ಕೆಯಲ್ಲಿ ಎಡಗೈ ಐಸೊವ್ಯಾಲಿನ್ ಜಾಸ್ತಿ ಸಿಕ್ಕಿದ್ದು ಅಷ್ಟು ದೊಡ್ಡ ವಿಷಯ ಆಗಿದ್ದು ಅದಕ್ಕೇ.

ಜಯನಗರದ ಹವ್ಯಾಸಿ: ಸರ್, ಮನೆಯಲ್ಲಿ ಏನು ಮಾಡಬಹುದು?

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು: ಮೊದಲು ಆ ದೀಪವನ್ನು ಮುಚ್ಚಿದ ಡಬ್ಬಿಯೊಳಗೆ ಇಡಿ, ಕಣ್ಣಿಗೆ ಅಪಾಯ. ಬಿರಡೆ ಹಾಕಿದ ಎರಡು ಟ್ಯೂಬ್ ಇಡಿ, ಒಂದಕ್ಕೆ ಫಾಯಿಲ್ ಸುತ್ತಿ. ಎರಡರ ಓದೂ ಒಂದೇ ಬಂದರೆ ಬೆಳಕು ಕಾಣುವಷ್ಟು ಏನೂ ಮಾಡಿಲ್ಲ ಎಂದರ್ಥ. ಆಮ್ಲ ಮಾತ್ರ ಬೆರೆಸಬೇಡಿ. ಗಾಢ ಆಮ್ಲದಲ್ಲಿ ಎಲ್-ಲ್ಯೂಸಿನ್ ಓದು ಪ್ಲಸ್‌ಗೆ ಹೋಗುತ್ತದೆ, ಕೈ ಬದಲಾಗದೇನೇ.