ಮಿಕ್ಸಿ ವಿನ್ಯಾಸ: ರಿಪೇರಿಗೂ ಗುಜರಿಗೂ ಸುಲಭವಾಗಬೇಕಾದರೆ?

ಪ್ರಶ್ನೆ: 750 ವ್ಯಾಟ್ ಮಿಕ್ಸಿಗೆ ಹೊಸ ಬಾಡಿ ವಿನ್ಯಾಸ ಮಾಡುತ್ತಿದ್ದೇವೆ. ರಿಪೇರಿ ಸಲೀಸಾಗಬೇಕು, ಆಯಸ್ಸು ಮುಗಿದ ಮೇಲೆ ಪ್ಲಾಸ್ಟಿಕ್, ತಾಮ್ರ, ಕಬ್ಬಿಣ ಬೇರೆಬೇರೆಯಾಗಿ ಸಿಗಬೇಕು. ಎಲ್ಲಿಂದ ಶುರು ಮಾಡೋದು?

ಉತ್ತರ 1: ಮೊದಲು ಸವೆಯೋ ಭಾಗಗಳಿಂದ, ಅಂದರೆ ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಉಜ್ಜುತ್ತಾ ಕರೆಂಟ್ ಕೊಡುವ ಇಂಗಾಲದ ತುಂಡು) ಮತ್ತು ಕಪ್ಲರ್ (ಮೋಟಾರನ್ನು ಜಾರ್‌ಗೆ ಜೋಡಿಸುವ ಹಲ್ಲಿನ ಚಕ್ರ). ಡ್ರಿಲ್ ಮಷಿನ್‌ನಲ್ಲಿರುವಂತೆ ಬ್ರಷ್‌ಗೆ ಹೊರಗಿನಿಂದಲೇ ತೆಗೆಯುವ ಮುಚ್ಚಳ ಕೊಡಿ. ಮುಚ್ಚಳ ಕರೆಂಟ್ ಹಾಯಿಸದ ಪ್ಲಾಸ್ಟಿಕ್‌ನದ್ದೇ ಇರಲಿ. ಬ್ರಷ್ ತೀರಾ ಸವೆದರೆ ಕಿಡಿ ಹೆಚ್ಚಾಗಿ ಕಮ್ಯುಟೇಟರ್ (ಬ್ರಷ್ ಉಜ್ಜುವ ತಾಮ್ರದ ಉಂಗುರ) ಸುಡುತ್ತದೆ, ಆಮೇಲೆ ಮೋಟಾರಿನ ತಿರುಗುವ ಭಾಗವಾದ ಆರ್ಮೇಚರನ್ನೇ ಬದಲಿಸಬೇಕು. ಹಲವು ಮಾಡೆಲ್‌ಗಳಲ್ಲಿ ಕಪ್ಲರ್ ಬಿಚ್ಚೋ ದಿಕ್ಕು ಮಾಮೂಲಿ ಸ್ಕ್ರೂಗೆ ಉಲ್ಟಾ. ಗೊತ್ತಿಲ್ಲದೆ ತಿರುಗಿಸಿದವರು ಕಪ್ಲರ್‌ನ ಹಲ್ಲು ಮುರಿಯುತ್ತಾರೆ. ಬಾಣದ ಗುರುತು ಅಚ್ಚಿನಲ್ಲೇ ಬರಲಿ.

ಉತ್ತರ 2: ಬಾಡಿ ಪೂರ್ತಿ ಒಂದೇ ಬಗೆಯ ಪ್ಲಾಸ್ಟಿಕ್, ಎಬಿಎಸ್ (ಗಟ್ಟಿ ಪ್ಲಾಸ್ಟಿಕ್) ಇರಲಿ, ಐಎಸ್‌ಒ 11469 (ಯಾವ ಪ್ಲಾಸ್ಟಿಕ್ ಎಂದು ಗುರುತು ಹಾಕುವ ಮಾನದಂಡ) ಪ್ರಕಾರ ಒಳಬದಿಯಲ್ಲಿ ಗುರುತು ಹಾಕಿ. ಪೇಂಟ್, ಕ್ರೋಮ್ ಲೇಪನ ದಯವಿಟ್ಟು ಬೇಡ, ಪುಡಿ ಮಾಡಿದಾಗ ಇಡೀ ಲಾಟ್ ಕೆಡುತ್ತದೆ. ಗುಜರಿಯಲ್ಲಿ ಪ್ಲಾಸ್ಟಿಕ್ ಬೇರ್ಪಡಿಸುವ ನೀರಿನ ತೊಟ್ಟಿಯಲ್ಲಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ (ನೀರಿನ ಸಾಂದ್ರತೆ 1 ಎಂದರೆ ಇದರದ್ದು ಸುಮಾರು 0.9) ತೇಲುತ್ತದೆ, ಎಬಿಎಸ್ (ಸುಮಾರು 1.05) ಮುಳುಗುತ್ತದೆ. ಆದರೆ ಪಾಲಿಪ್ರೊಪಿಲೀನ್‌ಗೆ 20% ಟಾಲ್ಕ್ (ಒಂದು ಖನಿಜ ಪುಡಿ) ಬೆರೆಸಿದರೆ ಅದೂ ಮುಳುಗಿ ಎಬಿಎಸ್ ಜೊತೆ ಸೇರಿಕೊಳ್ಳುತ್ತದೆ. ರಬ್ಬರ್ ಕಾಲುಗಳನ್ನು ಅಂಟಿಸಬೇಡಿ, ಒತ್ತಿ ಕೂರಿಸಿ.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಸ್ಕ್ರೂ ಕೂರುವಲ್ಲಿ ಹಿತ್ತಾಳೆ ಇನ್ಸರ್ಟ್ (ಪ್ಲಾಸ್ಟಿಕ್‌ನೊಳಗೆ ಕೂರಿಸುವ ಥ್ರೆಡ್ ಇರುವ ಲೋಹದ ತುಂಡು) ಹಾಕಬಹುದೇ?

ಉತ್ತರ 2: ಬೇಡ. ಹಿತ್ತಾಳೆ, ಗುಜರಿಯಲ್ಲಿ ಕಬ್ಬಿಣ ಹೆಕ್ಕುವ ಅಯಸ್ಕಾಂತಕ್ಕೆ ಅಂಟಲ್ಲ, ಪ್ಲಾಸ್ಟಿಕ್‌ನಲ್ಲೇ ಉಳಿದು ಪುಡಿಮಾಡುವ ಬ್ಲೇಡ್ ಹಾಳು ಮಾಡುತ್ತದೆ. ಪ್ಲಾಸ್ಟಿಕ್‌ಗೆಂದೇ ಬರುವ ಸ್ಟೀಲ್ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ (ತನ್ನ ಥ್ರೆಡ್ ತಾನೇ ಕೊರೆದುಕೊಳ್ಳುವಂಥದ್ದು) ಸಾಕು. ಸಾಮಾನ್ಯ ಸ್ಟೇನ್‌ಲೆಸ್ ಬೇಡ, ಅದನ್ನೂ ಅಯಸ್ಕಾಂತ ಸರಿಯಾಗಿ ಹಿಡಿಯಲ್ಲ. ಮತ್ತೆ ಹಾಕುವಾಗ ಮೊದಲು ಉಲ್ಟಾ ತಿರುಗಿಸಿ, ಹಳೇ ಥ್ರೆಡ್‌ಗೆ ಕೂತ ಮೇಲೆ ಬಿಗಿ ಮಾಡಬೇಕು. ಇದನ್ನು ಸರ್ವಿಸ್ ಹಾಳೆಯಲ್ಲಿ ಬರೆಯಿರಿ.