ಲೆಪರ್ಡ್ ಗೆಕ್ಕೋಗೆ ರೇಷ್ಮೆ ಹುಳು ತಿನ್ನಿಸಬಹುದೇ?

ಪ್ರಶ್ನೆ (ಕುವೆಂಪುನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಲೆಪರ್ಡ್ ಗೆಕ್ಕೋ (ಸಾಕುವ ಒಂದು ಜಾತಿಯ ಹಲ್ಲಿ) ಬಂದು ಎಂಟು ತಿಂಗಳಾಯಿತು. ಅದಕ್ಕೀಗ ಸುಮಾರು ಹದಿನಾಲ್ಕು ತಿಂಗಳು. ಅಡುಗೆಮನೆಯ ತಕ್ಕಡಿಯಲ್ಲಿ 48 ಗ್ರಾಂ ತೂಗುತ್ತದೆ. ಮೀಲ್‌ವರ್ಮ್ ಹುಳು ಒಂದೇ ಸಾಕು ಎಂದು ಅಂಗಡಿಯವರು ಹೇಳಿದ್ದರಿಂದ ಇಲ್ಲಿಯವರೆಗೆ ಬೇರೇನನ್ನೂ ಕೊಟ್ಟಿಲ್ಲ. ಚಳಿ ಶುರುವಾದ ಮೇಲೆ ಅದಕ್ಕೆ ಮೊದಲಿನ ಹಸಿವಿಲ್ಲ. ಬಟ್ಟಲ ಮುಂದೆ ಬಂದು, ಹುಳುವನ್ನು ದಿಟ್ಟಿಸಿ, ಬಾಲದ ತುದಿಯನ್ನು ಎರಡು ಸಲ ಅಲ್ಲಾಡಿಸಿ, ಆಮೇಲೆ ಮುಖ ತಿರುಗಿಸಿಕೊಂಡು ಹೋಗಿಬಿಡುತ್ತದೆ.

ಮಳವಳ್ಳಿಯ ಹತ್ತಿರ ನನ್ನ ಸೋದರಮಾವನವರು ರೇಷ್ಮೆ ಸಾಕುತ್ತಾರೆ. ಅಲ್ಲಿಂದ ಹುಳು ತಂದು ಕೊಡಬಹುದೇ ಎಂಬುದು ನನ್ನ ಮುಖ್ಯ ಪ್ರಶ್ನೆ. ಕ್ಯಾಲ್ಸಿಯಂ ವಿಚಾರದಲ್ಲಿ ಮನೆಯಲ್ಲೇ ಒಮ್ಮತವಿಲ್ಲ: ಹುಳುಗಳಿಗೆ ರಾಗಿ ಹಿಟ್ಟು ಮೆತ್ತಿ ಕೊಡಿ ಎಂದು ಅಜ್ಜಿ ಹೇಳಿದರೆ, ಎಲೆ ಅಡಿಕೆಯ ಸುಣ್ಣವೂ ಕ್ಯಾಲ್ಸಿಯಮ್ಮೇ ಅಲ್ಲವೇ ಎಂದು ನಮ್ಮ ತಂದೆಯವರು ಕೇಳುತ್ತಾರೆ. ಅಂದಹಾಗೆ, ಮೊದಲು ಮೈ ಎತ್ತಿ ನಡೆಯುತ್ತಿದ್ದ ಪ್ರಾಣಿ ಈಗ ಹೊಟ್ಟೆಯನ್ನು ನೆಲಕ್ಕೆ ಸವರಿಕೊಂಡು ಸಾಗುತ್ತಿದೆ. ದಪ್ಪವಾಗಿರಬೇಕು ಎಂದುಕೊಂಡಿದ್ದೇವೆ.

ಉತ್ತರ 1 (ರೇಷ್ಮೆ ಬೆಳೆಗಾರ, ಮಳವಳ್ಳಿ ತಾಲ್ಲೂಕು)

ನನಗೆ ನಿಮ್ಮ ಗೆಕ್ಕೋ ಗೊತ್ತಿಲ್ಲ, ರೇಷ್ಮೆ ಹುಳು ಗೊತ್ತು. ಆದ್ದರಿಂದ ಅಷ್ಟನ್ನೇ ಹೇಳುತ್ತೇನೆ. ಪ್ರತಿ ಜ್ವರ (ಹುಳು ಪೊರೆ ಬಿಡುವುದನ್ನು ನಾವು ಹಾಗೆನ್ನುತ್ತೇವೆ) ಎದ್ದಾಗಲೂ ನಾವು ಹುಳುವಿನ ಹಾಸಿಗೆಯ ಮೇಲೆ ಸೋಂಕುನಿವಾರಕ ಪುಡಿ ಉದುರಿಸುತ್ತೇವೆ, ಹಾಸಿಗೆ ಒಣಗಲೆಂದು ಸುಣ್ಣದ ಪುಡಿಯನ್ನೂ ಹಾಕುತ್ತೇವೆ. ಅದು ಮೈಗೆ ಅಂಟಿದ ಹುಳುವನ್ನು ಯಾವ ಪ್ರಾಣಿಗೂ ತಿನ್ನಿಸಬಾರದು. ಚಾಕಿ, ಎಂದರೆ ಎಳೆಯ ಹುಳುವಿನ ಹಂತ, ಮುಗಿಯುತ್ತಿದ್ದಂತೆ ಐವತ್ತು ಅರವತ್ತು ಹುಳುಗಳನ್ನು ಬೇರೆ ತಟ್ಟೆಗೆ ತೆಗೆದು, ಪುಡಿ ಹಾಕದೆ, ಔಷಧಿ ಹೊಡೆಯದ ಸಾಲಿನ ಸೊಪ್ಪನ್ನೇ ಕೊಟ್ಟು ಬೆಳೆಸಿಕೊಡಲು ನಿಮ್ಮ ಮಾವನವರಿಗೆ ಹೇಳಿ.

ಇನ್ನೊಂದು ಮಾತನ್ನು ಸ್ವಲ್ಪ ಸಂಕೋಚದಿಂದಲೇ ಹೇಳಬೇಕು. ಬೆಳೆ ಕೈಕೊಟ್ಟಾಗ, ಹೇಗೂ ಗುಂಡಿಗೆ ಹಾಕುವ ಹುಳು ತಾನೇ ಎಂದು ಕೇಳಿದವರಿಗೆ ಕೊಟ್ಟುಬಿಡುವುದು ನಮ್ಮಲ್ಲಿ ಉಂಟು. ಅಂಥದ್ದನ್ನು ಒಪ್ಪಿಕೊಳ್ಳಬೇಡಿ. ಮೈ ಊದಿ, ಚರ್ಮ ಮಿರುಗುತ್ತ, ತಟ್ಟೆಯ ಅಂಚಿನಲ್ಲಿ ಸುಮ್ಮನೆ ಸುತ್ತುವ ಹುಳುವಿಗೆ ಹಾಲುತೊಂಡೆ ರೋಗ ಬಂದಿರುತ್ತದೆ. ಬಳಪದಂತೆ ಬೆಳ್ಳಗೆ ಗಟ್ಟಿಯಾಗಿದ್ದರೆ ಅದು ಸುಣ್ಣಕಟ್ಟು ರೋಗ. ಹಣ್ಣಾದ, ಎಂದರೆ ಗೂಡು ಕಟ್ಟಲು ಸಿದ್ಧವಾದ, ಹುಳುವೂ ಬೇಡ, ಅದು ನಿಮ್ಮ ಗೆಕ್ಕೋ ಬಾಯಿಗೆ ಮೀರಿದ ಗಾತ್ರ. ಮರಿಯಾದಂದಿನಿಂದ ಗೂಡು ಕಟ್ಟುವವರೆಗೆ ಇರುವುದೇ ಸುಮಾರು 25 ದಿನ. ಆದ್ದರಿಂದ ತಂದಿಟ್ಟುಕೊಂಡು ತಿಂಗಳುಗಟ್ಟಲೆ ಕೊಡುವ ಆಹಾರ ಇದಲ್ಲ.

ಉತ್ತರ 2 (ವಿಜಯನಗರ, ಮೈಸೂರು)

ಬೆಳೆಗಾರರು ಹೇಳಿದ್ದು ಸರಿಯಾಗಿದೆ. ಆದರೆ ನೀವು "ಅಂದಹಾಗೆ" ಎಂದು ಕೊನೆಯಲ್ಲಿ ಬರೆದ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. 48 ಗ್ರಾಂ ತೂಗುವ ಗೆಕ್ಕೋ ದಪ್ಪದ್ದಲ್ಲ. ಹೊಟ್ಟೆ ಎಳೆದುಕೊಂಡು ನಡೆಯುತ್ತಿದೆ ಎಂದರೆ ಕಾಲಿನ ಮೂಳೆಗಳು ಮೆತ್ತಗಾಗಿರುವ ಸಾಧ್ಯತೆ ಹೆಚ್ಚು. ಮೀಲ್‌ವರ್ಮ್‌ನಲ್ಲಿ, ಬಹುತೇಕ ಎಲ್ಲ ಆಹಾರದ ಹುಳುಗಳಲ್ಲಿ ಇರುವಂತೆ, ಕ್ಯಾಲ್ಸಿಯಂ ಕಡಿಮೆ, ರಂಜಕ ಹೆಚ್ಚು. ಇದ್ದರೆ ಎರಡು ಪಾಲು ಕ್ಯಾಲ್ಸಿಯಮ್ಮಿಗೆ ಒಂದು ಪಾಲು ರಂಜಕ ಇರಬೇಕು. ಆ ಲೆಕ್ಕ ತಲೆಕೆಳಗಾದಾಗ ದೇಹವು ತನಗೆ ಬೇಕಾದ ಕ್ಯಾಲ್ಸಿಯಮ್ಮನ್ನು ತನ್ನ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ರೇಷ್ಮೆ ಹುಳು ಹುಡುಕುವ ಮೊದಲು ಸರೀಸೃಪಗಳನ್ನು ನೋಡುವ ಪಶುವೈದ್ಯರಲ್ಲಿ ಒಂದು ಎಕ್ಸ್‌ರೇ ತೆಗೆಸಿ. ದವಡೆ ಮೆತ್ತಗಿದೆಯೇ ಎಂದು ನೀವೇ ಒತ್ತಿ ನೋಡಲು ಹೋಗಬೇಡಿ.

ಅಜ್ಜಿಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಜಾಗ ಮಾತ್ರ ಬದಲಾಯಿಸುತ್ತೇನೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳ ಪೈಕಿ ಅದು ಬಹಳವೇ, ಸರಿ. ಆದರೆ ಅಷ್ಟೇ ತೂಕದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯಲ್ಲಿ 40 ಗ್ರಾಂ ಇರುತ್ತದೆ, ಎಂದರೆ ನೂರು ಪಟ್ಟಿಗೂ ಮೇಲೆ. ಒಂದು ಹುಳುವಿನ ಮೈಗೆ ಹತ್ತುವುದು ಚಿಟಿಕೆಯಷ್ಟೂ ಅಲ್ಲದಿರುವಾಗ ರಾಗಿ ಹಿಟ್ಟು ಅಲ್ಲಿ ಏನೂ ಮಾಡಲಾರದು. ಅದನ್ನು ಮೀಲ್‌ವರ್ಮ್ ಡಬ್ಬಿಗೆ ಹಾಕಿ, ಹುಳುಗಳು ತಿನ್ನಲಿ. ಮೈಗೆ ಮೆತ್ತಲು ಸರೀಸೃಪಗಳಿಗೆಂದೇ ಮಾರುವ ಕ್ಯಾಲ್ಸಿಯಂ ಪುಡಿಯೇ ಬೇಕು: ಒಂದು ಸಣ್ಣ ಡಬ್ಬಿಗೆ ಪುಡಿ ಮತ್ತು ಹುಳು ಹಾಕಿ, ಮುಚ್ಚಳ ಹಾಕಿ ನಿಧಾನವಾಗಿ ಅಲ್ಲಾಡಿಸಿದರೆ ಹುಳುಗಳು ಸಂಕ್ರಾಂತಿಯ ಸಕ್ಕರೆ ಅಚ್ಚಿನಂತೆ ಬೆಳ್ಳಗಾಗುತ್ತವೆ, ಆ ಬಿಳುಪು ಉದುರಿಹೋಗುವ ಮೊದಲು ಕೊಡಬೇಕು. ಡಿ3 ಸೇರಿದ ಪುಡಿಯನ್ನು ಮಾತ್ರ ಪ್ರತಿ ಸಲ ಬಳಸಬೇಡಿ. ಅದು ದೇಹದ ಕೊಬ್ಬಿನಲ್ಲಿ ಉಳಿಯುವ ಜೀವಸತ್ವವಾದ್ದರಿಂದ ಅತಿಯಾದರೆ ವಿಷವಾಗುತ್ತದೆ. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ವೈದ್ಯರೇ ಹೇಳಲಿ. ಇನ್ನು ಸುಣ್ಣವಂತೂ ಖಂಡಿತ ಬೇಡ. ಎಲೆಗೆ ಸುಣ್ಣ ಒಂದಿಷ್ಟು ಹೆಚ್ಚಾದರೆ ನಮ್ಮ ಬಾಯಿಯೇ ಬೇಯುತ್ತದೆ, ಆ ಪುಟ್ಟ ಬಾಯಿಯ ಗತಿ ಏನಾದೀತು!

ಹಸಿವು ಕುಗ್ಗಿದ್ದಕ್ಕೆ ಮೈಸೂರಿನ ಚಳಿಯೂ ಕಾರಣವಿರಬಹುದು. ಇದು ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವ ಪ್ರಾಣಿಯಲ್ಲ. ಅಡಗುವ ಒಂದು ಬದಿಯ ನೆಲ 32 ಡಿಗ್ರಿಯ ಆಸುಪಾಸಿನಲ್ಲಿ ಬೆಚ್ಚಗಿರದಿದ್ದರೆ ತಿಂದದ್ದು ಅರಗುವುದಿಲ್ಲ, ಅರಗದಿದ್ದರೆ ಮತ್ತೆ ತಿನ್ನುವುದೂ ಇಲ್ಲ. ಹೀಟ್ ಮ್ಯಾಟ್ ಇದೆ ಎಂದಷ್ಟೇ ನಂಬಬೇಡಿ, ಥರ್ಮಾಮೀಟರ್ ಇಟ್ಟು ಅಳೆಯಿರಿ.

ಉತ್ತರ 3 (ಮಂಡ್ಯ)

ಮೀಲ್‌ವರ್ಮ್ ಅನ್ನೇ ಅಪರಾಧಿ ಮಾಡುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಅಂಗಡಿಯಿಂದ ತಂದ ಹುಳುವಿನ ಹೊಟ್ಟೆ ಸಾಮಾನ್ಯವಾಗಿ ಖಾಲಿ ಇರುತ್ತದೆ, ಅದನ್ನು ಹಾಗೆಯೇ ಕೊಡುವುದು ತಪ್ಪು. ಒಂದೆರಡು ದಿನ ಗೋಧಿ ಬೂಸಾ, ಕ್ಯಾರೆಟ್ ತುಂಡು, ನುಗ್ಗೆ ಸೊಪ್ಪು ತಿನ್ನಿಸಿ ಆಮೇಲೆ ಕೊಟ್ಟರೆ ಅದೇ ಹುಳು ಬೇರೆಯದೇ ಆಹಾರವಾಗುತ್ತದೆ. ಪಾಲಕ್ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ವಾರಕ್ಕೆ ಒಂದೆರಡು ಸಲ ಕ್ರಿಕೆಟ್ ಹುಳು ಅಥವಾ ದೂಬಿಯಾ ಜಿರಳೆ ಸೇರಿಸಿ. ಯಾವುದೇ ಆದರೂ ಅದರ ಅಗಲ ಗೆಕ್ಕೋ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರಬಾರದು. ಉಳಿದ ಕ್ರಿಕೆಟ್ ಹುಳುಗಳನ್ನು ರಾತ್ರಿ ಗಾಜಿನ ಪೆಟ್ಟಿಗೆಯಲ್ಲಿ ಬಿಡಬೇಡಿ, ಅವು ಗೆಕ್ಕೋವನ್ನೇ ಕಚ್ಚುತ್ತವೆ. ಈ ವಯಸ್ಸಿಗೆ ಎರಡು ಮೂರು ದಿನಕ್ಕೊಮ್ಮೆ ಆಹಾರ ಸಾಕು. ನಮ್ಮ ಕಡೆಯಂತೆ ಕಬ್ಬಿನ ಗದ್ದೆಯ ಮಿಡತೆ ಹಿಡಿದು ತರುವ ಯೋಚನೆ ಇದ್ದರೆ ಬಿಟ್ಟುಬಿಡಿ, ಔಷಧಿ ಯಾವಾಗ ಹೊಡೆದರೆಂದು ಮಿಡತೆ ಹೇಳುವುದಿಲ್ಲ. ಮಿಂಚುಹುಳುವಂತೂ ಹಲ್ಲಿಗಳಿಗೆ ನೇರವಾಗಿ ವಿಷ.

ಪ್ರಶ್ನೆ ಕೇಳಿದವರು, ಹನ್ನೆರಡು ದಿನಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಎಕ್ಸ್‌ರೇಯಲ್ಲಿ ಹಿಂಗಾಲಿನ ಮೂಳೆಗಳು ಇರಬೇಕಾದಷ್ಟು ಬೆಳ್ಳಗೆ ಕಾಣಲಿಲ್ಲ. ವೈದ್ಯರು ಬಾಯಿಗೆ ಹಾಕುವ ಕ್ಯಾಲ್ಸಿಯಂ ದ್ರವ ಬರೆದುಕೊಟ್ಟಿದ್ದಾರೆ. ಬೇಗ ಬಂದದ್ದು ಒಳ್ಳೆಯದಾಯಿತು ಎಂದರು. ಮ್ಯಾಟಿನ ಮೇಲಿನ ನೆಲವನ್ನು ಅಳೆದರೆ 26 ಡಿಗ್ರಿ ಇತ್ತು, ಈಗ ಸರಿಪಡಿಸಿದ್ದೇವೆ. ಮಾವನವರು ಬೇರೆ ತಟ್ಟೆಯಲ್ಲಿ ಬೆಳೆಸಿದ ಹುಳುಗಳನ್ನು ಮೊನ್ನೆ ಕಳಿಸಿದರು. ಮೂರು ಹುಳುಗಳನ್ನು ಒಂದರ ಹಿಂದೆ ಒಂದರಂತೆ ತಿಂದು, ತುಟಿ ನೆಕ್ಕಿಕೊಂಡಿತು. ಆದರೆ ಇಂದು ಬೆಳಗಿನಿಂದ ಉಳಿದ ಹುಳುಗಳು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಸುಮ್ಮನೆ ಕುಳಿತಿವೆ. ರೋಗವೇ?

ಉತ್ತರ 1ರವರಿಂದ

ರೋಗವಲ್ಲ, ಜ್ವರಕ್ಕೆ ಕುಳಿತಿವೆ. ಪೊರೆ ಬಿಡುವ ಹೊತ್ತು. ಮುಟ್ಟಬೇಡಿ, ಸೊಪ್ಪನ್ನೂ ಹಾಕಬೇಡಿ. ಅಲ್ಲಾಡದ ಹುಳುವನ್ನು ನಿಮ್ಮ ಗೆಕ್ಕೋ ಹೇಗೂ ಗಮನಿಸಲಾರದು. ಒಂದು ದಿನ ಕಳೆದ ಮೇಲೆ ಎಲ್ಲವೂ ಎದ್ದಿವೆಯೇ ಎಂದು ನೋಡಿಕೊಂಡು ಎಳೆಯ ಸೊಪ್ಪು ಹಾಕಿ, ಅವು ಹೊಟ್ಟೆ ತುಂಬ ತಿಂದ ನಂತರ ಕೊಡಿ.